‘ಹೊರಗೆ ಹೋಗು’ ಎಂಬ ಗುಂಡಿ

ಎಲ್ಲರೂ ಹೇಳುವ ಕತೆ ಹೀಗಿದೆ. ಚಿಕ್ಕಬಳ್ಳಾಪುರದಲ್ಲಿ ಒಂದು ರೇಷ್ಮೆ ಕಂಪನಿ. ಕೆಲಸಗಾರರಿಗೆ ಕಂಪ್ಯೂಟರ್ ಕಂಡರೆ ಭಯ. ಅವರಿಗಾಗಿಯೇ ಕಂಪನಿ ಇಂಟ್ರಾನೆಟ್ ತಂದು ಕೂರಿಸಿದರೂ ಸರಿಯಾಗಿ ಬಳಸುವವರಿಲ್ಲ. ಆಗ ಜನರಲ್ ಮ್ಯಾನೇಜರ್ ಪ್ರಕಾಶ್ ಅವರಿಗೆ ಒಂದು ಉಪಾಯ ಹೊಳೆಯುತ್ತದೆ. ಪರದೆಯಲ್ಲಿ ‘ಹೊರಗೆ ಹೋಗು’ ಎಂದಿದ್ದ ಗುಂಡಿಯ ಮೇಲೆ ‘ಬರ್ತೀನಿ’ ಎಂದು ಬರೆಸುತ್ತಾರೆ. ಭಯ ಹಾರಿಹೋಗುತ್ತದೆ. ಹಳ್ಳಿಯ ಹೆಂಗಸರು ಕಂಪ್ಯೂಟರನ್ನು ತಮ್ಮದಾಗಿಸಿಕೊಳ್ಳುತ್ತಾರೆ. ಚಪ್ಪಾಳೆ.

ಪ್ರಕಾಶ್ ಸಾರ್ ಬಾಯಲ್ಲೇ ಇದನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಕಡೆಯ ಸಲ ಕೇಳಿದ್ದು ಮುದ್ದೇನಹಳ್ಳಿ ಹತ್ತಿರದ ಒಂದು ಕಾಲೇಜಿನಲ್ಲಿ, ನಾನು ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ. ವಯಸ್ಸಾಗಿ ತೆಗೆದುಕೊಂಡದ್ದಲ್ಲ, ಸಾಕಾಗಿ. ನನ್ನ ಮುಂದಿನ ಸಾಲಿನ ಹುಡುಗಿಯೊಬ್ಬಳು ‘ಒಂದು ಪದ, ಒಂದು ಕ್ರಾಂತಿ’ ಎಂದು ಬರೆದುಕೊಂಡು ಅಡಿಗೆರೆ ಎಳೆದಳು. ಆ ಅಡಿಗೆರೆ ನೋಡಿ ಮೈಯೆಲ್ಲ ಉರಿಯಿತು. ನಾಳೆ ಯಾವುದೋ ಕಂಪನಿಯಲ್ಲಿ ಸಾಫ್ಟ್‌ವೇರ್ ಆರಿಸುವ ಸಮಿತಿಯಲ್ಲಿ ಆ ಹುಡುಗಿ ಕೂರುತ್ತಾಳೆ. ಕೂರುವ ಮೊದಲು ಅವಳು ಇದನ್ನು ಓದಲಿ.

ಕಾಲೇಜಿನಲ್ಲಿ ನನಗೆ ಚರ್ಚಾಸ್ಪರ್ಧೆ ಕಲಿಸಿದ ಮೇಷ್ಟ್ರು ಹೇಳುತ್ತಿದ್ದರು: “ಎದುರಿನವರು ಹೇಳಿದ್ದರಲ್ಲಿ ಸುಳ್ಳು ಹುಡುಕಬೇಡ ಕಣಮ್ಮ. ಹೇಳದೆ ಬಿಟ್ಟದ್ದನ್ನ ಹುಡುಕು.” ಪ್ರಕಾಶ್ ಸಾರ್ ಕತೆಯಲ್ಲಿ ಸುಳ್ಳು ಕಡಿಮೆ. ಬಿಟ್ಟದ್ದು ಮಾತ್ರ ಒಬ್ಬ ಹೆಂಗಸು ಹಿಡಿಸುವಷ್ಟು ದೊಡ್ಡದು. ಆಕೆಯ ಹೆಸರು ಲಕ್ಷ್ಮೀದೇವಮ್ಮ.

ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಯಲ್ಲೇ ಇದ್ದ ಕಾಲ. ಕಂಪನಿಯ ಮುಖ್ಯ ಕಚೇರಿ ಚಿಕ್ಕಬಳ್ಳಾಪುರದಲ್ಲಿ. ನೂಲಿಗೆ ಹುರಿ ಹಾಕುವ ಶೆಡ್ಡು ಶಿಡ್ಲಘಟ್ಟದಲ್ಲಿ, ಮಗ್ಗಗಳು ಗೌರಿಬಿದನೂರಿನಲ್ಲಿ, ಗೋದಾಮು ಚಿಂತಾಮಣಿಯಲ್ಲಿ. ಸಿಬ್ಬಂದಿ ವಿಭಾಗದಲ್ಲಿ ಎಲ್ಲರಿಗಿಂತ ಚಿಕ್ಕವಳು ನಾನು. ಉಳಿದ ಮೂರೂರಿಗೂ ಸುತ್ತೋಲೆ ಕಳಿಸುವುದು ನನ್ನ ಕೆಲಸ. ಕಳಿಸುವುದೆಂದರೆ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಕೈಗೆ ಕವರು ಕೊಡುವುದು. ಅವನು ನೆನಪಾದ ದಿನ ಇಳಿಸುತ್ತಿದ್ದ. ಒಂದು ವರ್ಷ ಯುಗಾದಿ ರಜೆಯ ಸುತ್ತೋಲೆ ಚಿಂತಾಮಣಿ ತಲುಪಿದ್ದು ಯುಗಾದಿ ಮುಗಿದ ಮೇಲೆ. ಗೋದಾಮು ನೋಡಿಕೊಳ್ಳುತ್ತಿದ್ದ ರೆಡ್ಡಪ್ಪನವರು ಫೋನ್ ಮಾಡಿದರು.

“ಮೇಡಮ್ಮಾ, ಪಂಡಗ ಅಯಿಪೋಯಿಂದಿ, ಹಬ್ಬ ಮುಗ್ದೋಯ್ತು. ಒಬ್ಬಟ್ಟೂ ಹಳಸೋಯ್ತು. ಈಗ ರಜಾ ಕೊಟ್ಟೌರೆ ನಿಮ್ಮ ಸಾರು. ಮುಂದಿನ್ ವರ್ಷಕ್ಕೆ ಎತ್ತಿಟ್ಕೊಳ್ಳೋದಾ?”

ಹಾಗಾಗಿ ಇಂಟ್ರಾನೆಟ್ ಬೇಕಿತ್ತು ಎನ್ನುವುದರಲ್ಲಿ ನನ್ನ ತಕರಾರಿಲ್ಲ. ಕಂಪನಿಯೊಳಗಿನವರಿಗೆ ಮಾತ್ರ ಕಾಣುವ ಕೆಲವು ಪುಟಗಳು. ಅದರಲ್ಲಿ ಸುತ್ತೋಲೆ, ಪಾಳಿಯ ಪಟ್ಟಿ, ಯಾರಿಗೆ ಎಷ್ಟು ರಜೆ ಉಳಿದಿದೆ ಎಂಬ ವಿವರ. ಇಷ್ಟು ಸಿಕ್ಕಿದ್ದರೆ ಸಾಕಿತ್ತು. ನಾನು ನಾಲ್ಕೂರು ಸುತ್ತಿ ಕೇಳಿಕೊಂಡು ಬಂದಿದ್ದೆ. ಎಲ್ಲರೂ ಕೇಳಿದ್ದು ಇದನ್ನೇ. ಹುಟ್ಟುಹಬ್ಬಕ್ಕೆ ಶುಭಾಶಯ ಬೇಕು ಎಂದವರು ಒಬ್ಬರೂ ಇರಲಿಲ್ಲ.

ಆರಿಸುವ ಸಮಿತಿಯಲ್ಲಿ ಪ್ರಕಾಶ್ ಸಾರ್, ಲೆಕ್ಕಪತ್ರದ ಮ್ಯಾನೇಜರು ಮತ್ತು ನಾನು. ಮೂರು ಕಂಪನಿಗಳವರು ಬಂದು ತಮ್ಮ ತಮ್ಮ ಸಾಫ್ಟ್‌ವೇರ್ ತೋರಿಸಿದರು. ಒಂದನ್ನು ಎಲ್ಲರೂ ಆಗಲೇ ಕೈಬಿಟ್ಟರು. ಅದು ಕನ್ನಡ ಅಕ್ಷರಗಳನ್ನು ಚೌಕ ಚೌಕವಾಗಿ ತೋರಿಸುತ್ತಿತ್ತು. ಉಳಿದದ್ದು ಎರಡು. ಒಂದು ನೋಡಲು ತಾಲ್ಲೂಕು ಕಚೇರಿಯ ನೋಟಿಸ್ ಬೋರ್ಡಿನ ಹಾಗಿತ್ತು. ಬಣ್ಣವಿಲ್ಲ, ಚಿತ್ರವಿಲ್ಲ. ಆದರೆ ಯಾರೂ ಮುಟ್ಟದೆ ಸ್ವಲ್ಪ ಹೊತ್ತಾದರೆ ಅದು ತಾನೇ ಮುಚ್ಚಿಕೊಳ್ಳುತ್ತಿತ್ತು. ಇನ್ನೊಂದನ್ನು ತಂದವರು ಬೆಂಗಳೂರಿನ ಅರವಿಂದ್ ಎಂಬ ಸೇಲ್ಸ್‌ನವರು, ಟೈ ಕಟ್ಟಿಕೊಂಡು. ಅದರಲ್ಲಿ ಮೊದಲ ಪುಟದಲ್ಲೇ ಚೇರ್ಮನ್ನರ ಫೋಟೊ. ನೌಕರರ ಹುಟ್ಟುಹಬ್ಬದ ದಿನ ಕೇಕಿನ ಚಿತ್ರ ಬಂದು ತಿರುಗುತ್ತದೆ.

ಅರವಿಂದ್ ತೋರಿಸಿದ ಚಿತ್ರಗಳಲ್ಲಿ ಪ್ರತಿಯೊಬ್ಬ ನೌಕರನ ಮುಂದೆಯೂ ಒಂದೊಂದು ಕಂಪ್ಯೂಟರ್, ಪಕ್ಕದಲ್ಲಿ ಕಾಫಿ ಲೋಟ. ನಾನು ಕೇಳಿದೆ: “ಒಂದು ಕಂಪ್ಯೂಟರಿಗೆ ಎಷ್ಟು ಜನ ಅಂತ ಲೆಕ್ಕ ಇಟ್ಕೊಂಡಿದ್ದೀರಿ?”

“ಒಬ್ಬೊಬ್ರಿಗೂ ಒಂದೊಂದು ಲಾಗಿನ್ ಮೇಡಂ.”

“ನಾನು ಲಾಗಿನ್ ಕೇಳಿಲ್ಲ, ಕಂಪ್ಯೂಟರ್ ಕೇಳಿದೆ. ಶಿಡ್ಲಘಟ್ಟದಲ್ಲಿ ಇಡೀ ಶೆಡ್ಡಿಗೆ ಇರೋದು ಒಂದೇ. ಒಬ್ಬರು ಎದ್ದು ಹೋದ್ರು, ಇನ್ನೊಬ್ಬರು ಬಂದು ಕೂತ್ರು. ಆಗೇನು?”

“ಎದ್ದು ಹೋಗೋರು ಲಾಗ್ ಔಟ್ ಮಾಡಿ ಹೋಗ್ತಾರೆ ಮೇಡಂ.”

“ಮಾಡದೆ ಹೋದ್ರೆ?”

“ಯಾಕೆ ಮಾಡದೆ ಹೋಗ್ತಾರೆ?”

ಪ್ರಕಾಶ್ ಸಾರ್ ತಟ್ಟೆ ನನ್ನ ಕಡೆ ತಳ್ಳಿದರು. “ಏನಮ್ಮ ಶೈಲಜಾ, ಇದು ಕಾಲೇಜ್ ಡಿಬೇಟ್ ಅಲ್ಲ. ಬಜ್ಜಿ ತಿನ್ನು, ಆರೋಗುತ್ತೆ.”

ಆಮೇಲೆ ಅರವಿಂದ್, ಪ್ರಕಾಶ್ ಸಾರ್ ಹುಟ್ಟಿದ ದಿನ ಕೇಳಿ ಒತ್ತಿದರು. ಪರದೆಯ ಮೇಲೆ ಕೇಕು ಬಂತು, ಆರತಿ ತಟ್ಟೆಯ ಹಾಗೆ ಸುತ್ತು ಹಾಕಿತು, ‘ಪ್ರಕಾಶ್ ಅವರಿಗೆ ಶುಭಾಶಯ’ ಎಂದಿತು. ಸಾರ್ ಮುಖ ನೋಡಿದೆ. ಆಯ್ಕೆ ಅಲ್ಲಿಗೆ ಮುಗಿಯಿತು. ನಂತರ ನಾವು ಹಾಳೆಯ ಮೇಲೆ ಅಂಕ ಹಾಕಿದ್ದೆಲ್ಲ ಮದುವೆ ನಿಶ್ಚಯವಾದ ಮೇಲೆ ಜಾತಕ ನೋಡಿದ ಹಾಗೆ. ‘ನೋಟ’ಕ್ಕೆ ಅಂಕವಿತ್ತು, ‘ಹೆಸರು’ ಎನ್ನುವುದಕ್ಕೂ ಅಂಕವಿತ್ತು. ಹಂಚಿಕೊಂಡು ಬಳಸುವವರ ಪಾಡೇನು ಎಂಬುದಕ್ಕೆ ಕಾಲಮ್ಮೇ ಇರಲಿಲ್ಲ. ಹೊಸಬರೇ, ಇದೊಂದನ್ನು ನೆನಪಿಡಿ: ಅಂಕದ ಹಾಳೆ ಬರೆದವನೇ ಗೆದ್ದ. ತುಂಬುವವರು ಬರೀ ಸಾಕ್ಷಿಗಳು.

ಕೊಳ್ಳುವ ಮೊದಲು ಶಿಡ್ಲಘಟ್ಟದಲ್ಲಿ ಸ್ವಲ್ಪ ದಿನ ಇಟ್ಟು ನೋಡೋಣ ಎಂದು ಕೇಳಿದೆ.

“ಅವರಿಗೇನಮ್ಮ ಗೊತ್ತಾಗುತ್ತೆ? ಮೊದಲು ನಾವು ಕಲಿಯಣ, ಆಮೇಲೆ ಅವರಿಗೆ ಕಲಿಸಣ,” ಎಂದರು ಸಾರ್. ಪರೀಕ್ಷೆ ನಡೆದದ್ದು ಮುಖ್ಯ ಕಚೇರಿಯಲ್ಲಿ, ಸ್ವಂತ ಕಂಪ್ಯೂಟರು, ಸ್ವಂತ ಕುರ್ಚಿ ಇದ್ದವರ ನಡುವೆ. ಫಲಿತಾಂಶ ಅತ್ಯುತ್ತಮ.

ಕನ್ನಡ ಮಾಡಿಸಿದ್ದು ಇನ್ನೊಂದು ಕತೆ. ಅರವಿಂದ್ ಕಂಪನಿಯವರು ಇಂಗ್ಲಿಷ್ ಪದಗಳ ಪಟ್ಟಿಯನ್ನು ಯಾರಿಗೋ ಕೊಟ್ಟು ಕನ್ನಡ ಬರೆಸಿ ತಂದಿದ್ದರು. ಪದಗಳನ್ನು ಎಲ್ಲಿ ಬಳಸುತ್ತಾರೆಂದು ಬರೆದವರಿಗೆ ಹೇಳಿರಲಿಲ್ಲ. ‘ಲೀವ್’ ಅರ್ಜಿ ಇರಬೇಕಾದ ಕಡೆ ‘ಬಿಡು ಅರ್ಜಿ’ ಎಂದಿತ್ತು. ಅರ್ಜಿ ತುಂಬಿ ಕಳಿಸುವ ‘ಸಬ್ಮಿಟ್’ ಗುಂಡಿಯ ಮೇಲೆ ‘ಶರಣಾಗು’. ಲೆಕ್ಕಪತ್ರದ ಮ್ಯಾನೇಜರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕು, “ಇದೊಂದು ಹಾಗೇ ಇರಲಿ ಬಿಡಿ ಸಾರ್, ರಜೆ ಕೇಳೋರು ಕಮ್ಮಿ ಆಗ್ತಾರೆ,” ಎಂದರು. ಅವೆರಡನ್ನೂ ತಿದ್ದಿಸಿದೆವು. ಲಾಗ್ ಔಟ್ ಇದ್ದ ಕಡೆ ‘ಹೊರಗೆ ಹೋಗು’ ಎಂದಿತ್ತು. ಅದರಲ್ಲಿ ಯಾರಿಗೂ ನಗುವಂಥದ್ದೇನೂ ಕಾಣಲಿಲ್ಲ. ಉಳಿಯಿತು.

ಕನ್ನಡದಲ್ಲಿ ಗುಂಡಿ ಎಂದರೆ ಒತ್ತುವುದೂ ಹೌದು, ಬೀಳುವುದೂ ಹೌದು.

ಶಿಡ್ಲಘಟ್ಟದ ಶೆಡ್ಡಿನಲ್ಲಿ ಕಂಪ್ಯೂಟರನ್ನು ಊಟದ ಕೋಣೆಯ ಬಾಗಿಲ ಪಕ್ಕ ಇಟ್ಟಿದ್ದರು. ಹೇಳಿಕೊಡಲು ಹೋದವಳು ನಾನು. ಲಕ್ಷ್ಮೀದೇವಮ್ಮ ಅಲ್ಲಿನ ಹೆಂಗಸರ ಮೇಲ್ವಿಚಾರಕಿ. ಊರು ಚಿಂತಾಮಣಿ ರಸ್ತೆಯ ಒಂದು ಹಳ್ಳಿ. ಗಂಡ ತೀರಿಕೊಂಡಿದ್ದರು, ಈ ಕೆಲಸವೊಂದರ ಮೇಲೆಯೇ ಮನೆ ನಡೆಸುತ್ತ, ಮಗಳನ್ನು ಮೇಡಂ ಮಾಡಬೇಕೆಂದು ಟೀಚರ್ ಟ್ರೈನಿಂಗ್ ಓದಿಸುತ್ತಿದ್ದರು. ಅವರೇ ಮೊದಲು ಮುಂದೆ ಬಂದರು. ಸೆರಗಿಗೆ ಕೈ ಒರೆಸಿಕೊಂಡು ಕೂತು, ನಿಧಾನವಾಗಿ ತಮ್ಮ ಹೆಸರು ಒತ್ತಿ, ರಜೆ ಎಷ್ಟು ಉಳಿದಿದೆ ಎಂದು ನೋಡಿಕೊಂಡರು. ಭಯವೇನೂ ಇರಲಿಲ್ಲ. “ಏನಿಲ್ಲ ಬರ್ರೇ, ಕಚ್ಚಲ್ಲ,” ಎಂದು ಉಳಿದವರನ್ನು ಕರೆದದ್ದೂ ಅವರೇ. ಎದ್ದು ಹೊರಟರು.

“ಅಮ್ಮಾ, ‘ಹೊರಗೆ ಹೋಗು’ ಒತ್ತಿ,” ಎಂದೆ.

ಅವರು ನಿಂತು ನನ್ನನ್ನೇ ನೋಡಿದರು. “ಯಾಕಮ್ಮ, ಏನ್ ತಪ್ಪು ಮಾಡ್ದೆ?”

“ನಿಮಗಲ್ಲಮ್ಮ, ಪುಟ ಮುಚ್ಚೋಕೆ.”

“ಓದು ನೋಡಣ ಅಲ್ಲಿ ಏನೈತೆ ಅಂತ.”

ಓದಿದೆ. ಪುಟದ ಮೇಲ್ತುದಿಯಲ್ಲಿ ಒಳಗೆ ಬಂದವರ ಹೆಸರು, ಅದರ ಪಕ್ಕದಲ್ಲೇ ಗುಂಡಿ. ಒಟ್ಟಿಗೆ ಓದಿದರೆ ‘ಲಕ್ಷ್ಮೀದೇವಮ್ಮ ಹೊರಗೆ ಹೋಗು.’

“ಅನ್ನ ಕೊಡೋ ಜಾಗದಲ್ಲಿ ನಮ್ಮ ಹೆಸರು ಹಿಡ್ದು ನಾವೇ ಹಿಂಗೆ ಒತ್ಕೊಳ್ಳೋದಾ? ನೀನಾದ್ರೆ ಒತ್ತುತೀಯೇನಮ್ಮ?” ಹಿಂದೆ ನಿಂತಿದ್ದ ಹೆಂಗಸರು ಗುಸುಗುಸು ಎಂದರು. ಹಿಂದಿನ ಮಳೆಗಾಲದಲ್ಲಿ ಇಬ್ಬರನ್ನು ಕೆಲಸದಿಂದ ತೆಗೆದಾಗ ಮ್ಯಾನೇಜರು ಶೆಡ್ಡಿನ ಮಧ್ಯೆ ನಿಂತು ಹೇಳಿದ್ದ ಮಾತೂ ಅಕ್ಷರಶಃ ಅದೇ ಆಗಿತ್ತಂತೆ.

“ಮತ್ತೆ ಏನಂತ ಬರೆಸಬೇಕಮ್ಮ?”

“ಹೋಗೋವಾಗ ಮನುಷ್ಯರು ಏನಂತಾರೆ? ಬರ್ತೀನಿ ಅಂತಾರೆ. ಅದನ್ನ ಬರೆಸು, ಕಣ್ಮುಚ್ಕೊಂಡು ಒತ್ತುತೀನಿ.”

ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುವವರ ನಡುವೆ ಹುಟ್ಟಿದವಳು ನಾನು. ಈ ಮಾತು ನನಗೆ ವಾದ ಮಾಡಿ ತಿಳಿಸಬೇಕಾದದ್ದೇ ಅಲ್ಲ. ಮರುದಿನವೇ ಪ್ರಕಾಶ್ ಸಾರ್ ಮುಂದೆ ನಿಂತೆ. ಎರಡು ಬೇಡಿಕೆ: ಗುಂಡಿಯ ಮೇಲೆ ‘ಬರ್ತೀನಿ’ ಎಂದು ಬರೆಸಿ, ಯಾರೂ ಮುಟ್ಟದಿದ್ದರೆ ಪುಟ ತಾನೇ ಮುಚ್ಚಿಕೊಳ್ಳುವ ಹಾಗೆ ಮಾಡಿಸಿ.

ಸಾರ್ ನಕ್ಕರು. “ಬರ್ತೀನಿ ಅಂದ್ರೆ ಬರೋದಲ್ವೇನಮ್ಮ? ಹೋಗೋವ್ರು ಬರ್ತೀನಿ ಅಂತ ಒತ್ತಿದ್ರೆ ಕಂಪ್ಯೂಟರಿಗೇ ತಲೆ ಕೆಡುತ್ತೆ.”

“ಕಂಪ್ಯೂಟರಿಗೆ ಅಲ್ಲೇನು ಬರೆದಿದೆ ಅಂತ ಗೊತ್ತಿಲ್ಲ ಸಾರ್. ಓದೋರಿಗೆ ಗೊತ್ತು.”

“ಎಲ್ಲಾದಕ್ಕೂ ಒಂದು ಉತ್ತರ ಇಟ್ಕೊಂಡಿರ್ತೀಯ. ಒಗ್ಗೋಗುತ್ತೆ ಬಿಡಮ್ಮ, ಒತ್ತಿ ಒತ್ತಿ.”

ಅರವಿಂದ್ ಫೋನಿನಲ್ಲಿ, “ಮುಂದಿನ ವರ್ಷನ್‌ನಲ್ಲಿ ನೋಡಣ ಮೇಡಂ,” ಎಂದರು. ಒಂದು ಪದ. ಅದಕ್ಕೆ ಮುಂದಿನ ವರ್ಷನ್.

ಒಗ್ಗಲಿಲ್ಲ. ಶೆಡ್ಡಿನಲ್ಲಿ ಬೇರೆಯದೇ ಪದ್ಧತಿ ಬೆಳೆಯಿತು. ಬೆಳಗಿನ ಪಾಳಿಗೆ ಮೊದಲು ಬರುತ್ತಿದ್ದವರು ಲಕ್ಷ್ಮೀದೇವಮ್ಮ. ಅವರು ತಮ್ಮ ಹೆಸರಲ್ಲಿ ತೆರೆಯುತ್ತಿದ್ದರು. ಮುಚ್ಚುವವರಿಲ್ಲ. ಪಕ್ಕದ ಮನೆಯ ಒಲೆಯಿಂದ ಕೆಂಡ ತರುವ ಹಾಗೆ ಉಳಿದವರೆಲ್ಲ ಅದೇ ಪುಟದಲ್ಲಿ ಸುತ್ತೋಲೆ, ಪಾಳಿ ನೋಡಿಕೊಳ್ಳುತ್ತಿದ್ದರು. “ಲಕ್ಷ್ಮೀದೇವಮ್ಮಂದು ತೆಗೆದೈತೆ, ಹೋಗಿ ನೋಡ್ಕೊಳ್ರೇ” ಎನ್ನುವುದು ಅಲ್ಲಿನ ಮಾತಾಗಿತ್ತು. ಇದು ಮುಖ್ಯ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಎಂದರೆ ಎಲ್ಲರಿಗೂ, ನಾನು ಹೇಳಿದ್ದೆ, ಸಾರ್ ತಮಾಷೆ ಮಾಡಿದ್ದರು: “ಆಯಮ್ಮ ಮನೆಗೇ ಹೋಗಲ್ವಂತೆ, ಕಂಪ್ಯೂಟರ್ ಪ್ರಕಾರ ಶೆಡ್ಡಲ್ಲೇ ವಾಸ ಅಂತೆ.”

ಈ ತಮಾಷೆಯನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಮೊದಲ ಪುಟದಲ್ಲಿ ‘ನಿಮ್ಮ ಅಭಿಪ್ರಾಯ’ ಎಂಬ ಚೌಕವಿತ್ತು. ಅಲ್ಲಿ ಬರೆದದ್ದು ಆ ಕ್ಷಣಕ್ಕೆ ನಾಲ್ಕೂ ಊರುಗಳಲ್ಲಿ, ಬರೆದವರ ಹೆಸರಿನ ಸಮೇತ, ಚೇರ್ಮನ್ನರ ಫೋಟೊದ ಕೆಳಗೆ ಕಾಣುತ್ತಿತ್ತು. ಉದ್ಘಾಟನೆಯ ದಿನ ಸಾರ್ ಮೈಕಿನಲ್ಲಿ, “ಯಾರು ಏನು ಬೇಕಾದರೂ ಬರೆಯಬಹುದು, ನಾವೆಲ್ಲ ಒಂದೇ ಮನೆಯವರು,” ಎಂದಿದ್ದರು. ಬಹಳ ದಿನ ಅಲ್ಲಿ ಹಬ್ಬದ ಶುಭಾಶಯಗಳೇ ಇದ್ದವು.

ಒಂದು ಮಧ್ಯಾಹ್ನ ಬೇರೆ ಕಂಪನಿಯ ಕೆಲವರು ನಮ್ಮ ಇಂಟ್ರಾನೆಟ್ ನೋಡಲು ಬಂದಿದ್ದರು. ಚೇರ್ಮನ್ನರೂ ಇದ್ದರು. ಸಾರ್ ಗೋಡೆಯ ಮೇಲೆ ದೊಡ್ಡದಾಗಿ ಮೊದಲ ಪುಟ ಬಿಡಿಸಿ, ವಿವರಿಸುತ್ತ, ಒಮ್ಮೆ ರಿಫ್ರೆಶ್ ಒತ್ತಿದರು. ಫೋಟೊದ ಕೆಳಗೆ ಹೊಸ ಸಾಲು ಬಂದು ಕೂತಿತು.

‘ಕೇಕು ಬೇಡ. ಹೆಂಗಸರ ಬಾತ್‌ರೂಮಿಗೆ ಚಿಲಕ ಹಾಕಿಸಿ. — ಲಕ್ಷ್ಮೀದೇವಮ್ಮ, ಶಿಡ್ಲಘಟ್ಟ.’

ಬಂದವರಲ್ಲಿ ಒಬ್ಬರು ಕೆಮ್ಮಿದರು. ಚೇರ್ಮನ್ನರು ಆ ಸಾಲನ್ನು ಇನ್ನೊಮ್ಮೆ ಓದಿ ಪ್ರಕಾಶ್ ಸಾರ್ ಕಡೆ ತಿರುಗಿದರು.

ಮರುದಿನ ಲಕ್ಷ್ಮೀದೇವಮ್ಮನವರನ್ನು ಚಿಕ್ಕಬಳ್ಳಾಪುರಕ್ಕೆ ಕರೆಸಿದರು. ಸಿಬ್ಬಂದಿ ವಿಭಾಗದ ಪರವಾಗಿ ನಾನು ಕೋಣೆಯಲ್ಲಿದ್ದೆ. ಕುರ್ಚಿ ತೋರಿಸಿದರೂ ಅವರು ಕೂರಲಿಲ್ಲ.

“ಇದನ್ನ ನೀನು ಬರೆದೆಯಾ?” ಎಂದರು ಸಾರ್.

“ನಾನಲ್ಲ ಸಾರ್. ನಾನು ಆಗ್ಲೇ ಪಾಳಿ ಮುಗಿಸ್ಕೊಂಡು ಬಸ್ಸು ಹತ್ತಿದ್ದೆ.”

“ಮತ್ತೆ ಯಾರು?”

“ಅದು ನಂಗೊತ್ತಿಲ್ಲ.” ಹೇಳಿದ ರೀತಿಯಲ್ಲೇ ಗೊತ್ತಿದೆ ಎಂದು ತಿಳಿಯುತ್ತಿತ್ತು. ಹೇಳುವುದಿಲ್ಲ ಎಂದೂ ತಿಳಿಯುತ್ತಿತ್ತು. ಆಮೇಲೆ ಅವರೇ ಕೇಳಿದರು: “ಬರ್ದಿರೋದು ಸುಳ್ಳಾ ಸಾರ್?”

“ಪ್ರಶ್ನೆ ಅದಲ್ಲ.”

“ಚಿಲಕ ಇಲ್ಲ ಸಾರ್. ಒಬ್ಬಳು ಒಳಗಿದ್ರೆ ಇನ್ನೊಬ್ಬಳು ಬಾಗ್ಲು ಹಿಡ್ಕೊಂಡು ನಿಂತ್ಕೋಬೇಕು. ಎಷ್ಟು ಸಲ ಬಾಯಲ್ಲೇ ಹೇಳಿದ್ವಿ.”

“ಕ್ಷಮಾಪಣೆ ಬರೆದುಕೊಡು. ಇಲ್ಲ, ಬರೆದವಳ ಹೆಸರು ಹೇಳು. ಎರಡರಲ್ಲಿ ಒಂದು.”

“ಮಾಡದೆ ಇರೋದಕ್ಕೆ ಕ್ಷಮಿಸಿ ಅಂದ್ರೆ ಮಾಡ್ದಂಗೆ ಆಗುತ್ತೆ. ಇನ್ನೊಬ್ಬಳ ಹೆಸ್ರು ಹೇಳಿ ನಾನು ಶೆಡ್ಡಿಗೆ ಹೆಂಗ್ ಹೋಗ್ಲಿ?”

ಸಾರ್ ಬಾಗಿಲ ಕಡೆ ಕೈ ತೋರಿಸಿದರು. “ಸ್ವಲ್ಪ ಹೊರಗೆ ಹೋಗು, ಕರೀತೀನಿ.”

ಆಕೆ ನನ್ನ ಕಡೆ ತಿರುಗಿ ನಕ್ಕುಬಿಟ್ಟರು. “ನೋಡಮ್ಮ, ಇವ್ರು ಬಾಯಲ್ಲಾದ್ರೂ ಹೇಳ್ತಾರೆ.”

ಬಾಗಿಲು ಮುಚ್ಚಿದ ಮೇಲೆ ನಾನು ವಾದಿಸಿದೆ. ಬದುಕಿನಲ್ಲಿ ಅಷ್ಟು ಚೆನ್ನಾಗಿ ಎಂದೂ ವಾದಿಸಿಲ್ಲ. ಪಾಳಿ ಮುಗಿಸಿ ಗೇಟು ದಾಟಿದ್ದನ್ನು ಕಂಡ ಕಾವಲುಗಾರರಿದ್ದಾರೆ ಎಂದೆ. ಇಡೀ ಶೆಡ್ಡು ಅವರ ಹೆಸರಲ್ಲೇ ನೋಡುತ್ತದೆಂದು ನಿಮಗೇ ಗೊತ್ತು, ಆ ಬಗ್ಗೆ ತಮಾಷೆ ಮಾಡಿದವರೇ ನೀವು ಎಂದೆ. ತಾನೇ ಮುಚ್ಚಿಕೊಳ್ಳುವ ಸಾಫ್ಟ್‌ವೇರ್ ಬೇಡವೆಂದದ್ದು ಈ ಸಮಿತಿ, ಗುಂಡಿಯ ಪದ ಬದಲಿಸಲು ಒಪ್ಪದೆ ಇದ್ದದ್ದು ನೀವೇ ಎಂದೆ. ಕಡೆಯದಾಗಿ, ‘ಯಾರು ಏನು ಬೇಕಾದರೂ ಬರೆಯಬಹುದು’ ಎಂದು ಮೈಕಿನಲ್ಲಿ ಹೇಳಿದ ಮೇಲೆ ಬರೆದದ್ದು ತಪ್ಪಾಗುವುದು ಹೇಗೆ ಎಂದೆ.

ಚರ್ಚಾಸ್ಪರ್ಧೆಯಾಗಿದ್ದರೆ ಬಹುಮಾನ ನನಗೇ.

“ಮುಗೀತಾ?” ಎಂದರು. “ಪರದೆ ಮೇಲೆ ಅವಳ ಹೆಸರಿದೆಯಮ್ಮ. ಹೊರಗೆ ಹೋಗು ಒತ್ತಿಲ್ಲ ಅಂದ್ರೆ ಅವಳು ಒಳಗೇ ಇದ್ಲು ಅಂತ ಅರ್ಥ. ಚೇರ್ಮನ್ನರಿಗೆ ನಾನೇನು ಹೇಳ್ಲಿ, ಗುಂಡಿ ಹೆಸರು ಸರಿ ಇರ್ಲಿಲ್ಲ ಅಂತಾನಾ?”

ಅದನ್ನೇ ಹೇಳಬೇಕಿತ್ತು. ಸತ್ಯ ಅಷ್ಟೇ ಇತ್ತು. ಆದರೆ ಆ ಸತ್ಯ ಮೇಲ್ಮುಖವಾಗಿ ಹೋಗುವಂಥದ್ದಾಗಿರಲಿಲ್ಲ. ಕಂಪನಿಗಳಲ್ಲಿ ತಪ್ಪು ಕಾಲುವೆ ನೀರಿನ ಹಾಗೆ. ಯಾವ ಕಡೆ ತಗ್ಗಿದೆಯೋ ಆ ಕಡೆಯ ಹೊಲಕ್ಕೆ ಹರಿಯುತ್ತದೆ.

ಕೆಲಸದಿಂದ ತೆಗೆದರು ಎಂದು ಎಲ್ಲಿಯೂ ಬರೆಯಲಿಲ್ಲ. ಅವರೇ ರಾಜೀನಾಮೆ ಕೊಟ್ಟರು ಎಂದಾಯಿತು. ಚಿಕ್ಕಬಳ್ಳಾಪುರ ಬಸ್ ಸ್ಟ್ಯಾಂಡಿನವರೆಗೂ ಅವರ ಜೊತೆ ನಡೆದೆ. ನನ್ನ ಸಿಟ್ಟು ಅವರಿಗೆ ತಮಾಷೆಯಾಗಿತ್ತು. “ನೀನ್ಯಾಕಮ್ಮ ಉರ್ಕೊಳ್ತೀಯ? ನಿನ್ನ ಕೆಲ್ಸ ಹೋಗಿಲ್ವಲ್ಲ. ಮದ್ಲು ಆ ಹುಡ್ಗೀರಿಗೆ ಚಿಲಕ ಹಾಕ್ಸು.” ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ಅಭ್ಯಾಸಬಲದಿಂದ ಅಂದರು: “ಬರ್ತೀನಿ ಕಣಮ್ಮ.”

‘ಹೋಗ್ಬಿಟ್ಟು ಬನ್ನಿ’ ಎನ್ನುವುದು ಪದ್ಧತಿ. ನಾನು ಬರೀ ಕೈ ಬೀಸಿದೆ.

ಚಿಲಕ ಬಂತು. ಚೇರ್ಮನ್ನರು ಶಿಡ್ಲಘಟ್ಟಕ್ಕೆ ಬರುತ್ತಾರೆಂದು ಗೊತ್ತಾದ ತಕ್ಷಣ, ಹಿತ್ತಾಳೆಯದು, ಥಳಥಳ ಹೊಳೆಯುವಂಥದ್ದು. ಅದರ ಹಿಂದೆಯೇ ಮುಂದಿನ ವರ್ಷನ್ನೂ ಬಂತು. ‘ನಿಮ್ಮ ಅಭಿಪ್ರಾಯ’ ಇದ್ದ ಚೌಕದಲ್ಲಿ ಈಗ ನಂದಿಬೆಟ್ಟದ ಹವಾಮಾನ. ‘ಹೊರಗೆ ಹೋಗು’ ಇದ್ದ ಕಡೆ ‘ಬರ್ತೀನಿ’. ಪ್ರಕಾಶ್ ಸಾರ್ ಅದನ್ನು ಚೇರ್ಮನ್ನರಿಗೆ ತಾವೇ ತೋರಿಸಿ, “ನಮ್ಮ ಜನರ ಮನಸ್ಸು ಓದಿದರೆ ಸಾಕು ಸಾರ್, ಉಳಿದದ್ದು ತಾನಾಗಿ ಆಗುತ್ತೆ,” ಎಂದದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ. ಹೆಂಗಸರು ಒತ್ತತೊಡಗಿದ್ದು ನಿಜ. ಕತೆಯ ಆ ಭಾಗದಲ್ಲಿ ಸುಳ್ಳಿಲ್ಲ.

ಲಕ್ಷ್ಮೀದೇವಮ್ಮನವರ ಮಗಳು ಓದು ಅರ್ಧಕ್ಕೆ ಬಿಟ್ಟು ಒಂದು ರೀಲಿಂಗ್ ಮನೆಯಲ್ಲಿ, ಬಿಸಿನೀರಲ್ಲಿ ಗೂಡು ಅದ್ದಿ ನೂಲು ಎಳೆಯುವ ಕೆಲಸಕ್ಕೆ ಸೇರಿದಳು ಎಂದು ರೆಡ್ಡಪ್ಪನವರು ಹೇಳಿದರು. ಅವರು ಕೈವಾರಕ್ಕೆ ಹೋದಾಗ ಬಸ್ಸಿನಲ್ಲಿ ತಾಯಿ ಸಿಕ್ಕಿದ್ದರಂತೆ. “ಮೇಡಮ್ಮಾ, ಆಯಮ್ಮ ನಿಮ್ಮನ್ನ ಕೇಳಿದ್ರು. ಚಿಲಕ ಹಾಕ್ಸಿದ್ರಾ ಅಂತ ಕೇಳಿದ್ರು. ಹಾಕ್ಸೌರೆ ಅಂದೆ. ಹಂಗಾದ್ರೆ ಒಂದ್ಸಲ ಬಂದು ಕೇಳ್ತೀನಿ ಅಂದ್ರು.”

ಬಂದರು ಕೂಡ. ಗುಂಡಿಯ ಪದ ಬದಲಾಗಿ, ಚಿಲಕ ಕೂತು, ಎಲ್ಲ ಸರಿಹೋಯಿತಲ್ಲ, ಇನ್ನು ತನ್ನನ್ನು ಕರೆದುಕೊಳ್ಳಲು ಏನಡ್ಡಿ ಎಂದು ಶಿಡ್ಲಘಟ್ಟದ ಗೇಟಿನ ಮುಂದೆ ಬಂದು ನಿಂತರು. ಆ ದಿನ ಪ್ರಕಾಶ್ ಸಾರ್ ಒಳಗಿದ್ದರು, ನಾನೂ ಇದ್ದೆ. ಕಾವಲುಗಾರ ಬಂದು ಹೇಳಿದ. ಸಾರ್ ತಲೆಯೆತ್ತದೆ, “ಇಲ್ಲ ಅಂತ ಹೇಳು,” ಎಂದರು. ಏನು ಇಲ್ಲ, ಕೆಲಸವೋ ತಾವೋ, ಕಾವಲುಗಾರ ಕೇಳಲಿಲ್ಲ. ನಾನು ಗೇಟಿಗೆ ಓಡುವಷ್ಟರಲ್ಲಿ ಆಕೆ ರಸ್ತೆ ದಾಟಿ ಬಸ್ಸು ಹತ್ತಿದ್ದರು.

ಮುದ್ದೇನಹಳ್ಳಿ ಕಡೆಯ ಆ ಕಾಲೇಜಿನಲ್ಲಿ ಭಾಷಣ ಮುಗಿದ ಮೇಲೆ ಪ್ರಶ್ನೆ ಕೇಳಬಹುದು ಎಂದರು. ಎದ್ದು ನಿಂತೆ. ಸಾರ್ ದೂರದಿಂದಲೇ ಗುರುತು ಹಿಡಿದು, “ಓ, ನಮ್ಮ ಶೈಲಜಾ! ಇವರೂ ಆ ಸಮಿತಿಯಲ್ಲಿದ್ದವರು, ಬಹಳ ವಾದ ಮಾಡೋರು,” ಎಂದು ನಗುತ್ತ ಸಭೆಗೆ ಪರಿಚಯಿಸಿದರು. ಮುಂದಿನ ಸಾಲಿನ ಹುಡುಗಿ ಪೆನ್ನು ಹಿಡಿದು ನನ್ನ ಕಡೆ ತಿರುಗಿದಳು. ವಾದ ಮಾಡಲು ನನ್ನ ಬಳಿ ಏನೂ ಉಳಿದಿರಲಿಲ್ಲ. ಒಂದೇ ಮಾತು ಕೇಳಿದೆ:

“ಸಾರ್, ಲಕ್ಷ್ಮೀದೇವಮ್ಮ ಬರ್ತೀನಿ ಅಂತ ಹೇಳಿಯೇ ಹೋಗಿದ್ದು. ಬಂದಾಗ ಗೇಟು ಯಾಕೆ ತೆಗೆಸಲಿಲ್ಲ?”